ಗೋಧಿ ದಾಖಲೆ ಬೆಳೆ, ರಫ್ತೂ ಬಂದ್, ಮತ್ತೆ ಮೈದಾ ದರ ಯಾಕೆ ಇಳಿಯುತ್ತಿಲ್ಲ?

ಬನ್ಸ್ ಅಂಗಡಿ, ಸಂತೆಕಟ್ಟೆ (ಜೂನ್ 2025)

ನಮಸ್ಕಾರ ಎಲ್ಲರಿಗೂ. ಉಡುಪಿ ಸಂತೆಕಟ್ಟೆ ಹತ್ತಿರ ನಮ್ಮದೊಂದು ಚಿಕ್ಕ ಹೋಟೆಲ್ ಉಂಟು. ಬೆಳಿಗ್ಗೆ ಬನ್ಸ್, ಸಜ್ಜಿಗೆ ಬಜಿಲ್. ಸಂಜೆ ಗೋಳಿಬಜೆ. ಮೈದಾ, ರವೆ ಇಲ್ಲದಿದ್ದರೆ ನಮ್ಮ ಒಲೆಯೇ ಹೊತ್ತುವುದಿಲ್ಲ.

2022ರಲ್ಲಿ ಏರಿದ ಮೈದಾ ದರ ಹಳೆಯ ಮಟ್ಟಕ್ಕೆ ಇಳಿದೇ ಇಲ್ಲ. ಪೇಪರ್ ನೋಡಿದರೆ ಈ ಸಲ ಗೋಧಿ ಬೆಳೆ 1,170 ಲಕ್ಷ ಟನ್ ದಾಟಿದೆ, ದಾಖಲೆ ಅಂತಾರೆ. ರಫ್ತು 2022ರ ಮೇ ತಿಂಗಳಲ್ಲೇ ನಿಲ್ಲಿಸಿದ್ದಾರೆ. ಹಾಗಾದರೆ ಬೆಳೆದದ್ದೆಲ್ಲ ದೇಶದ ಒಳಗೇ ಉಂಟು ಅಲ್ವಾ? ಮತ್ತೆ ಎಲ್ಲಿ ಹೋಗುತ್ತಿದೆ?

ಮಳೆ ಹಿಡಿದಿದೆ, ಗೋಳಿಬಜೆಗೆ ಜನ ಬರುವ ಕಾಲ ಇದು. ಪ್ಲೇಟಿಗೆ ಐದು ರೂಪಾಯಿ ಏರಿಸಿದರೆ ದಿನಾ ಬರುವ ರಿಕ್ಷಾದವರು ಏನೂ ಹೇಳುವುದಿಲ್ಲ, ಬರೀ ಚಾ ಕುಡಿದು ಎದ್ದು ಹೋಗುತ್ತಾರೆ. ನನಗೆ ಅದು ನೋಡಲಿಕ್ಕೆ ಆಗುವುದಿಲ್ಲ. ಸುಮ್ನೆ ಸರ್ಕಾರವನ್ನು ಬೈಯುವ ಉತ್ತರ ಬೇಡ, ಗೊತ್ತಿದ್ದವರು ಬಿಡಿಸಿ ಹೇಳಿ.

ಬಂದರು ದಿನಸಿ, ಮಂಗಳೂರು

ಅಣ್ಣಾ, ನಾನು ಬಂದರಿನ ಸಗಟು ಅಂಗಡಿಯೊಂದರಲ್ಲಿ 19 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆಯನ್ನು ವಾರಕ್ಕೆ ಹತ್ತು ಜನ ಕೇಳುತ್ತಾರೆ.

ಮೊದಲು ಬುಡದ ದರ ನೋಡಿ. ಗೋಧಿಯ ಬೆಂಬಲ ಬೆಲೆ 2022ರಲ್ಲಿ ಕ್ವಿಂಟಲಿಗೆ 2,015 ರೂಪಾಯಿ ಇತ್ತು, ಈ ಸಲ, ಅಂದರೆ 2025ರಲ್ಲಿ, 2,425. ಮಧ್ಯಪ್ರದೇಶ ಸರ್ಕಾರ ಅದರ ಮೇಲೆ 175 ರೂಪಾಯಿ ಬೋನಸ್ ಕೊಟ್ಟಿತು, ಅಲ್ಲಿಗೆ 2,600 ಆಯಿತು. ಪಂಜಾಬಿಗಿಂತ ಹತ್ತಿರ ಅಂತ ದಕ್ಷಿಣದ ಮಿಲ್ಲುಗಳು ಜಾಸ್ತಿ ಕೊಳ್ಳುವುದು ಆ ಕಡೆಯಿಂದಲೇ. ಸರ್ಕಾರವೇ 2,600 ಕೊಡುವಾಗ ಒಳ್ಳೆ ಮಾಲನ್ನು ಮಿಲ್ಲಿನವರಿಗೆ ಕಡಿಮೆಗೆ ಯಾರು ಕೊಡುತ್ತಾರೆ? ಅಂದರೆ ಕಿಲೋಗೆ 26 ರೂಪಾಯಿ ಆಗುವುದು ಅಲ್ಲೇ, ಮಂಡಿಯ ಬಾಗಿಲಲ್ಲೇ. ಆಮೇಲೆ ಚೀಲ, ಹಮಾಲಿ, ಸಾವಿರ ಕಿಲೋಮೀಟರಿಗೂ ಮೀರಿದ ಬಾಡಿಗೆ. ಇಲ್ಲಿ ಗೋಧಿ ಬೆಳೆಯುವುದಿಲ್ಲವಲ್ಲ, ನಾವು ಕರಾವಳಿಯವರು ಯಾವಾಗಲೂ ಸಾಲಿನ ಕೊನೆಯಲ್ಲಿ ನಿಂತವರು.

ಮತ್ತೆ ನೂರು ಕಿಲೋ ಗೋಧಿ ಹಾಕಿದರೆ ನೂರು ಕಿಲೋ ಮೈದಾ ಬರುವುದಿಲ್ಲ. ಹೆಚ್ಚುಕಡಿಮೆ ಕಾಲು ಭಾಗ ಬೂಸ ಆಗುತ್ತದೆ. ಉಳಿದದ್ದರಲ್ಲೇ ಮೈದಾ, ರವೆ, ಆಟಾ ಎಲ್ಲ ಬರಬೇಕು. ಬೂಸಕ್ಕೆ ಹಸು ಸಾಕುವವರಿಂದ ಒಳ್ಳೆ ದರ ಬಂದರೆ ಮಿಲ್ಲಿನವರು ಮೈದಾದಲ್ಲಿ ಸ್ವಲ್ಪ ಬಿಡುತ್ತಾರೆ, ಇಲ್ಲದಿದ್ದರೆ ಅಷ್ಟೂ ಮೈದಾದ ಮೇಲೆ ಬೀಳುತ್ತದೆ.

ಎಲ್ಲಿ ಹೋಗುತ್ತಿದೆ ಅಂತ ಕೇಳಿದಿರಲ್ಲ, ದೊಡ್ಡ ಪಾಲು ಸರ್ಕಾರದ ಗೋದಾಮಿಗೆ. ಈ ಸಲ ಸುಮಾರು 300 ಲಕ್ಷ ಟನ್ ಕೊಂಡಿದ್ದಾರೆ. ರೇಷನ್ನಿಗೇ ವರ್ಷಕ್ಕೆ 180 ಲಕ್ಷ ಟನ್ ಮೇಲೆ ಬೇಕು. ಉಳಿದದ್ದನ್ನು ಇ-ಹರಾಜಿನಲ್ಲಿ ಮಿಲ್ಲುಗಳಿಗೆ ಬಿಡುತ್ತಾರೆ. ಅದನ್ನು ಯಾವಾಗ ಬಿಡುತ್ತಾರೆ ಅನ್ನುವುದೇ ನಮಗೆ ಮುಖ್ಯ. ಕಳೆದ ಸಲ ಡಿಸೆಂಬರ್‌ವರೆಗೆ ಬಿಡಲಿಲ್ಲ. ಜನವರಿ ಹೊತ್ತಿಗೆ ದರ ಎಲ್ಲಿಗೆ ಹೋಯಿತು ಅಂತ ನಿಮಗೆ ನೆನಪಿರಬಹುದು.

ಹಿಂದೆ ಪಂಜಾಬ್, ಈಗ ಪಡುಬಿದ್ರಿ

ನಾನು ಬ್ಯಾಂಕ್ ಕೆಲಸದಲ್ಲಿ ವರ್ಗವಾಗಿ ಪಂಜಾಬಿನ ಖನ್ನಾ ಧಾನ್ಯ ಮಂಡಿ ಹತ್ತಿರ ಆರು ವರ್ಷ ಇದ್ದೆ. 2022ರ ಮಾರ್ಚ್ ನನ್ನ ಕಣ್ಣ ಮುಂದೆ ನಡೆದದ್ದು. ಕಾಳು ಹಾಲು ತುಂಬಿಕೊಳ್ಳುವ ಹೊತ್ತಿಗೇ ಬಿಸಿಲು ಕೆಂಡದ ಹಾಗೆ ಬಿತ್ತು. ನಮ್ಮ ಬ್ರಾಂಚಿಗೆ ಬರುತ್ತಿದ್ದ ರೈತರೊಬ್ಬರು ಒಂದು ತೆನೆ ತಂದು ಅಂಗೈಯಲ್ಲಿ ಉಜ್ಜಿ ಊದಿ ತೋರಿಸಿದರು. ಕಾಳು ಜೀರಿಗೆ ಹಾಗೆ ಸೊರಗಿತ್ತು. ಸರ್ಕಾರ ಕೊಳ್ಳುವ ಗೋಧಿಯಲ್ಲಿ ಮುರುಟಿದ ಕಾಳು 6 ಶೇಕಡಾ ಮೀರಬಾರದು ಅನ್ನುವ ನಿಯಮವನ್ನು ಆ ವರ್ಷ ಪಂಜಾಬ್, ಹರಿಯಾಣದಲ್ಲಿ 18ಕ್ಕೆ ಸಡಿಲಿಸಬೇಕಾಯಿತು.

ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿತ್ತು. ರಷ್ಯಾ, ಉಕ್ರೇನ್ ಗೋಧಿ ಸಿಕ್ಕಿಹಾಕಿಕೊಂಡಾಗ ಎಲ್ಲರೂ ನಮ್ಮ ಕಡೆ ನೋಡಿದರು. ಯುದ್ಧಕ್ಕೆ ಮೊದಲೇ ರಫ್ತು ಏರುತ್ತಿತ್ತು, ಮಾರ್ಚಿಗೆ ಮುಗಿದ 2021-22ರಲ್ಲಿ ಒಟ್ಟು 70 ಲಕ್ಷ ಟನ್ ಹೊರಗೆ ಹೋಯಿತು, ನಾವು ಅಷ್ಟು ಯಾವತ್ತೂ ಕಳಿಸಿದವರಲ್ಲ. ವ್ಯಾಪಾರಿಗಳು ಬೆಂಬಲ ಬೆಲೆಗಿಂತ ಜಾಸ್ತಿ ಕೊಟ್ಟು ಎತ್ತಿದರು. ಸರ್ಕಾರದ ಖರೀದಿ ಹಿಂದಿನ ವರ್ಷದ 433 ಲಕ್ಷ ಟನ್ನಿನಿಂದ 188ಕ್ಕೆ ಬಿತ್ತು. ಮೇ 13ಕ್ಕೆ ರಫ್ತು ಬಂದ್, ಆಗಸ್ಟಿನಲ್ಲಿ ಮೈದಾ, ರವೆ ರಫ್ತೂ ಬಂದ್. ಆದರೂ 2024ರ ಏಪ್ರಿಲ್ ಒಂದಕ್ಕೆ ಗೋದಾಮಿನಲ್ಲಿ ಉಳಿದದ್ದು 75 ಲಕ್ಷ ಟನ್ ಮಾತ್ರ, 16 ವರ್ಷದಲ್ಲೇ ಕಡಿಮೆ. ಸರ್ಕಾರಕ್ಕೆ ಇನ್ನೂ ಹೆದರಿಕೆ ಇರುವುದು ಅದಕ್ಕೇ. ಕಳೆದ ತಿಂಗಳು ವ್ಯಾಪಾರಿಗಳ ಮೇಲೆ ಮತ್ತೆ ದಾಸ್ತಾನು ಮಿತಿ ಹಾಕಿದ್ದನ್ನು ನೋಡಿ.

ಒಂದು ಮಾತು ಹೇಳಲೇಬೇಕು. ನಮಗೆ ಮೈದಾ ಅಗ್ಗವಾಗಲಿ ಅಂತ ರಫ್ತು ನಿಲ್ಲಿಸಿದಾಗ ಕೈಗೆ ಬಂದ ದರ ತಪ್ಪಿಹೋದದ್ದು ಆ ತೆನೆ ತೋರಿಸಿದವರಿಗೆ. ಅವರಿಗೆ ಆ ವರ್ಷ ಎಕರೆಗೆ ಐದು ಕ್ವಿಂಟಲ್ ಕಡಿಮೆ ಬಂದಿತ್ತು. ನಾನು ಅವರ ಪರವೇ.

ಕಾರ್ಕಳದ ಮೇಷ್ಟ್ರು

1966ರಲ್ಲಿ ನಾನು ಐದನೇ ಕ್ಲಾಸು. ಆ ವರ್ಷ ದೇಶಕ್ಕೆ ಸುಮಾರು 100 ಲಕ್ಷ ಟನ್ ಧಾನ್ಯ ಹಡಗಿನಲ್ಲಿ ಬಂತು, ಹೆಚ್ಚಿನದು ಅಮೆರಿಕದ ಗೋಧಿ. ಅಕ್ಕಿ ಸಾಲದೆ ನಮ್ಮ ರೇಷನ್ ಅಂಗಡಿಯಲ್ಲೂ ಗೋಧಿ ಕೊಟ್ಟರು. ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೆ ಗೊತ್ತಿಲ್ಲದ ಅಮ್ಮನಿಗೆ ಅದನ್ನು ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ತೊಳೆದು ಚಾಪೆಯಲ್ಲಿ ಒಣಗಿಸಿದರು. ಕೊನೆಗೆ ನೆನೆಸಿ, ಕಡೆಯುವ ಕಲ್ಲಿನಲ್ಲಿ ಬೆಲ್ಲ ಹಾಕಿ ಕಡೆದು ದೋಸೆ ಹೊಯ್ದರು. ದೋಸೆ ಕಾವಲಿ ಬಿಟ್ಟು ಏಳಲೇ ಇಲ್ಲ. ಅಮ್ಮ ಅತ್ತಿದ್ದು ನನಗೆ ಇವತ್ತಿಗೂ ನೆನಪಿದೆ. ಅದೇ ವರ್ಷ ಬೆಳೆ ಹೆಚ್ಚಿಸಲಿಕ್ಕೆ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿದ್ದರು ಅಂತ ಆಮೇಲೆ ನಾನೇ ಮಕ್ಕಳಿಗೆ ಪಾಠ ಮಾಡಿದೆ.

ಈಗ ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆ ಇರುವ ಮನೆಯಲ್ಲೆಲ್ಲ ರಾತ್ರಿ ಚಪಾತಿ. ಮಕ್ಕಳಿಗೆ ಪರೋಟ, ಬಿಸ್ಕೆಟ್, ಬ್ರೆಡ್. ಬೆಳೆ ಎಷ್ಟು ಏರಿದರೂ ತಿನ್ನುವವರೂ ಏರಿದ್ದೇವೆ ಮಾರಾಯ್ರೆ. ಗಂಜಿ ಉಣ್ಣುತ್ತಿದ್ದ ನಾವೂ ಅದರಲ್ಲಿ ಸೇರಿದ್ದೇವೆ.

ಬನ್ಸ್ ಅಂಗಡಿ, ಸಂತೆಕಟ್ಟೆ

ಮೇಷ್ಟ್ರೇ, ನಿಮ್ಮ ಅಮ್ಮನ ದೋಸೆ ವಿಷಯ ನನ್ನ ಹೆಂಡತಿಗೆ ಓದಿ ಹೇಳಿದೆ, ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಪಡುಬಿದ್ರಿಯವರೇ, ರೈತರ ಮಾತು ಒಪ್ಪಿದೆ. 2022ರ ಮೈದಾ ವಿಚಿತ್ರವಾಗಿತ್ತು ಅಂತ ನನಗೆ ಈಗ ಹೊಳೆಯಿತು. ಎಂದಿನ ಲೆಕ್ಕದಲ್ಲಿ ಬಾಳೆಹಣ್ಣು ಕಲಸಿದರೂ ಹಿಟ್ಟು ಅಂಟಂಟಾಗಿ ಬನ್ಸ್ ಉಬ್ಬುತ್ತಿರಲಿಲ್ಲ. ಕಾರಣ ಆ ಸೊರಗಿದ ಕಾಳೇ ಇರಬಹುದಾ?

ಇನ್ನೊಂದು, ಹೊರಗಿನ ಗೋಧಿ ತರಿಸಿದರೆ ನಮಗೆ ಅಗ್ಗ ಆಗುವುದಿಲ್ವಾ? ಬಂದರು ಪಕ್ಕದಲ್ಲೇ ಉಂಟಲ್ಲ.

ಬಂದರು ದಿನಸಿ, ಮಂಗಳೂರು

ಇರಬಹುದು ಅಣ್ಣಾ, ಆ ವರ್ಷ ಬೇಕರಿಯವರಿಂದಲೂ ದೂರು ಬಂದಿತ್ತು. ಆಮದಿಗೆ 2019ರಿಂದ 40 ಶೇಕಡಾ ಸುಂಕ ಉಂಟು, ಹಾಗಾಗಿ ಲೆಕ್ಕ ಕೂಡುವುದಿಲ್ಲ. 2016ರ ಡಿಸೆಂಬರಿನಲ್ಲಿ ಸುಂಕ ಸೊನ್ನೆ ಮಾಡಿದಾಗ ಆಸ್ಟ್ರೇಲಿಯಾ, ಉಕ್ರೇನ್ ಗೋಧಿ ದಕ್ಷಿಣದ ಬಂದರುಗಳಿಗೆ ಚೆನ್ನಾಗಿಯೇ ಬಂದಿತ್ತು. ಆದರೆ ಇಷ್ಟು ಬೆಳೆದ ವರ್ಷ ಸುಂಕ ತೆಗೆದರೆ ಪಂಜಾಬಿನವರು ಸುಮ್ನೆ ಇರುತ್ತಾರಾ? ಇರಲೂಬಾರದು.

ನಿಮ್ಮ ಮಟ್ಟಿಗೆ ಹೇಳುವುದಾದರೆ, ದರ ಏರುತ್ತದೆ ಅಂತ ಹೆದರಿ ಈಗಲೇ ಮೂಟೆ ಜಾಸ್ತಿ ತುಂಬಿಸಬೇಡಿ. ಈ ಮಳೆಗೆ ತಿಂಗಳೊಳಗೆ ಹುಳ ಬೀಳುತ್ತದೆ. ಹದಿನೈದು ದಿನಕ್ಕೆ ಆಗುವಷ್ಟು ತೆಗೆದುಕೊಳ್ಳಿ, ನೆಲಕ್ಕೆ ಹಲಗೆ ಹಾಕಿ ಗೋಡೆಗೆ ತಾಗದ ಹಾಗೆ ಇಡಿ. ಸರ್ಕಾರ ಹರಾಜು ಶುರು ಮಾಡಿದ ದಿನ ನಾನು ಇಲ್ಲೇ ಬರೆಯುತ್ತೇನೆ.

ಬನ್ಸ್ ಅಂಗಡಿ, ಸಂತೆಕಟ್ಟೆ

ಆಯ್ತು ಅಣ್ಣಾ. ಬುಧವಾರ ಬಂದರಿಗೆ ಬರುವುದುಂಟು. ಹೊಸ ಗೋಧಿಯ ಮೈದಾ ಎರಡು ಮೂಟೆ ನನಗೆ ಅಂತ ತೆಗೆದಿಡಿ, ರವೆ ಒಂದು.