ಹೆರಿಗೆಯ ನಂತರದ ಥೈರಾಯ್ಡ್ ತೊಂದರೆ: ‘ಉರಿಯೂತ’, ‘ಸ್ವಯಂ ನಿರೋಧಕ’ ಪದಗಳ ಕುರಿತು

ಮಾನ್ಯರೇ,

ಹೊಸ ತಾಯಂದಿರಿಗಾಗಿ ಸಿದ್ಧವಾಗುತ್ತಿರುವ ಆರೋಗ್ಯ ಕೈಪಿಡಿಯೊಂದರ ಕರಡಿನಲ್ಲಿ ‘ಪೋಸ್ಟ್‌ಪಾರ್ಟಂ ಥೈರಾಯ್ಡೈಟಿಸ್’ ಎಂಬ ಕಾಯಿಲೆಯನ್ನು ‘ಪ್ರಸವೋತ್ತರ ಸ್ವಯಂ ನಿರೋಧಕ ಥೈರಾಯ್ಡ್ ಉರಿಯೂತ’ ಎಂದು ಹೆಸರಿಸಲಾಗಿದೆ. ಈ ಹೆಸರು ಓದುಗರ ದಾರಿ ತಪ್ಪಿಸೀತೆಂಬ ಆತಂಕದಿಂದ ತಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಗರ್ಭದಲ್ಲಿರುವ ಮಗುವನ್ನು ಹೊರಗಿನದೆಂದು ಭಾವಿಸಿ ಎದುರಿಸದಂತೆ ತಾಯಿಯ ರೋಗನಿರೋಧಕ ವ್ಯವಸ್ಥೆ ಬಸುರಿನ ಕಾಲದಲ್ಲಿ ತನ್ನ ವರ್ತನೆಯನ್ನು ಬದಲಿಸಿಕೊಂಡಿರುತ್ತದೆ. ಹೆರಿಗೆಯ ಬಳಿಕ ಅದು ಮತ್ತೆ ಚುರುಕಾದಾಗ, ಮುಖ್ಯವಾಗಿ ಟಿಪಿಒ ಪ್ರತಿಕಾಯಗಳು (ಥೈರಾಯ್ಡಿನ ಒಂದು ಕಿಣ್ವದ ವಿರುದ್ಧ ಮೈಯೇ ತಯಾರಿಸುವ ಪ್ರೋಟೀನುಗಳು) ಮೊದಲೇ ಇರುವವರಲ್ಲಿ, ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಮೇಲೆಯೇ ಎರಗುತ್ತದೆ. ಘಾಸಿಗೊಂಡ ಗ್ರಂಥಿಯಲ್ಲಿ ಶೇಖರವಾಗಿದ್ದ ಹಾರ್ಮೋನು ರಕ್ತಕ್ಕೆ ಸೋರುವುದರಿಂದ ಸಾಮಾನ್ಯವಾಗಿ 1ರಿಂದ 6 ತಿಂಗಳೊಳಗೆ ಎದೆಬಡಿತ, ಕೈನಡುಕ ಕಾಣಿಸಿಕೊಳ್ಳಬಹುದು. ಆಮೇಲೆ ಹಾರ್ಮೋನು ಕಡಿಮೆಯಾಗಿ ಸುಸ್ತು, ಮಲಬದ್ಧತೆ, ಮಂಕು ಕವಿಯಬಹುದು. ಹೆಚ್ಚಿನವರಲ್ಲಿ ವರ್ಷದೊಳಗೆ ಗ್ರಂಥಿ ಸರಿಹೋಗುತ್ತದೆ, ಕೆಲವರಿಗೆ ಕೊರತೆ ಶಾಶ್ವತವಾಗಿ ಉಳಿಯುತ್ತದೆ.

‘ಉರಿಯೂತ’ ಎಂದರೆ ಉರಿ ಮತ್ತು ಊತ. ಆದರೆ ಈ ಕಾಯಿಲೆಯಲ್ಲಿ ಕತ್ತು ನೋಯುವುದಿಲ್ಲ; ನೋವಿಲ್ಲವೆಂದು ತಾಯಿ ತನಗೆ ಇದು ಅನ್ವಯಿಸದೆಂದುಕೊಂಡರೆ ರಕ್ತಪರೀಕ್ಷೆಯೇ ತಪ್ಪೀತು. ‘ಆಟೋಇಮ್ಯೂನ್’ ಎಂಬುದಕ್ಕೆ ಬಳಸಿರುವ ‘ಸ್ವಯಂ ನಿರೋಧಕ’ ಎಂಬುದಂತೂ ಇನ್ನೂ ತೊಡಕಿನದು. ಸ್ವಯಂಚಾಲಿತ, ಸ್ವಯಂಸೇವಕ ಎಂಬ ರೂಢಿಯ ಪದಗಳ ಜಾಡಿನಲ್ಲಿ ಓದಿದರೆ ‘ತನ್ನಷ್ಟಕ್ಕೆ ತಾನೇ ತಡೆಯುವುದು’ ಎಂಬ ಅರ್ಥ ಬರುತ್ತದೆಯೇ ಹೊರತು ತನ್ನ ಮೇಲೆ ತಾನೇ ದಾಳಿ ಮಾಡುವುದೆಂಬ ಅರ್ಥ ಹೊಳೆಯುವುದಿಲ್ಲ.

‘ಬಾಣಂತಿ ಥೈರಾಯ್ಡ್’ ಎಂಬ ಸಲಹೆಯೂ ಬಂದಿದೆ. ಕಿವಿಗೆ ಹಿತವಾಗಿದ್ದರೂ, ನಮ್ಮ ಮನೆಗಳಲ್ಲಿ ಬಾಣಂತನ ಕೆಲವೇ ತಿಂಗಳಿಗೆ ಮುಗಿಯುತ್ತದೆ, ಈ ತೊಂದರೆಯಾದರೋ ಎಂಟನೆಯ ತಿಂಗಳಲ್ಲೂ ಕಾಣಿಸಿಕೊಳ್ಳಬಲ್ಲದು. ‘ನನಗೆ ಥೈರಾಯ್ಡ್ ಇದೆ’ ಎಂಬ ಆಡುಮಾತು ಹಾರ್ಮೋನು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳುವುದಿಲ್ಲ. ಹೆಚ್ಚಾಗಿದ್ದರೂ ಕಾರಣ ತಿಳಿಯಬೇಕು: ಗ್ರಂಥಿಯೇ ಅತಿಯಾಗಿ ಹಾರ್ಮೋನು ತಯಾರಿಸುವ ಗ್ರೇವ್ಸ್ ಕಾಯಿಲೆಯಲ್ಲಿ ಆ ಉತ್ಪಾದನೆ ತಗ್ಗಿಸುವ ಮಾತ್ರೆ ಬೇಕಾಗುತ್ತದೆ, ಇಲ್ಲಿ ಆಗುತ್ತಿರುವುದು ಸೋರಿಕೆಯಾದ್ದರಿಂದ ಅದೇ ಮಾತ್ರೆಯಿಂದ ಪ್ರಯೋಜನವಿಲ್ಲ.

‘ಹೆರಿಗೆಯ ನಂತರದ ಥೈರಾಯ್ಡ್ ಘಾಸಿ’ ಎಂಬುದು ಸದ್ಯಕ್ಕೆ ನನ್ನ ಆಯ್ಕೆ. ಸ್ವಯಂ ನಿರೋಧಕದ ಬದಲು ‘ಮೈಯ ರಕ್ಷಣಾ ವ್ಯವಸ್ಥೆಯೇ ತನ್ನ ಅಂಗದ ಮೇಲೆ ಎರಗುವುದು’ ಎಂದು ಬಿಡಿಸಿ ಬರೆಯಬಹುದು, ಆದರೆ ಕೋಷ್ಟಕದಲ್ಲಿ ಅಷ್ಟುದ್ದದ ಮಾತಿಗೆ ಜಾಗವಿಲ್ಲ. ನಿಮ್ಮ ಕಡೆಯ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ತಾಯಂದಿರಿಗೆ ಇದನ್ನು ವಿವರಿಸುವಾಗ ಬಳಸುವ ಚಿಕ್ಕ ಪದ ಯಾವುದಾದರೂ ಇದೆಯೇ?