ಜಿಮೇಲ್ ಪಾಪ್ ನಿಂತ್ರೆ ಡೊಮೇನ್ ಮೇಲ್‌ಗೆ ಏನ್ ದಾರಿ? ಅನುಭವ ಇದ್ದೋರು ಹೇಳಿ

ಕಾಫಿಪುಡಿ ಅಂಗಡಿ, ಹಾಸನ:
ಅಂಗಡಿ ಹೆಸರಿನ ಮೇಲ್ ಒಂದು ಹೋಸ್ಟಿಂಗ್ ಕಂಪನಿಯಲ್ಲಿದೆ. ಇಷ್ಟು ವರ್ಷ ಜಿಮೇಲೇ ಅದನ್ನ ಪಾಪ್‌ನಲ್ಲಿ (ಬೇರೆ ಸರ್ವರಿನ ಮೇಲ್ ಇಳಿಸ್ಕೊಳ್ಳೋ ಹಳೇ ವಿಧಾನ) ಎಳ್ಕೊಳ್ತಿತ್ತು. 2026ರಲ್ಲಿ ಆ ಸೌಲಭ್ಯ ತೆಗೀತೀವಿ ಅಂತ ಗೂಗಲ್ ಹೇಳಿದೆ. ಫಾರ್ವರ್ಡ್ ಹಾಕ್ಲಾ, ಮೇಲ್ ಸರ್ವರಲ್ಲೇ ಇಟ್ಟು ಎಲ್ಲಾ ಕಡೆ ಒಂದೇ ತರ ತೋರ್ಸೋ ಐಮ್ಯಾಪ್ ಹಾಕ್ಲಾ? ಫೋನಿಂದ ಕಳಿಸಿದ್ದು ಅಂಗಡಿ ಕಂಪ್ಯೂಟರಲ್ಲೂ ಕಾಣಬೇಕು.

ಪ್ರೆಸ್ಸಿನಾಂವ, ಧಾರವಾಡ:
ಫಾರ್ವರ್ಡ್ ಸುದ್ದಿಗೆ ಹೋಗಬ್ಯಾಡ್ರಿ. ನಮ್ಮ ಹೋಸ್ಟಿಂಗಿನವ್ರು "ಒಂದ ಕ್ಲಿಕ್ ಐತ್ರಿ" ಅಂದ್ರು, ಹಾಕಿದ್ವಿ. ಕಂಪನಿ ಡೊಮೇನಿನಿಂದ ಬರೋ ಮೇಲ್ ಅರ್ಧ ಮಾಯ. ಫಾರ್ವರ್ಡ್ ಆಗಿದ್ದು ಹೋಸ್ಟಿಂಗ್ ಸರ್ವರಿನಿಂದ ಹೋಗ್ತೈತಿ, ಕಳಿಸಿದವ್ರ ಎಸ್‌ಪಿಎಫ್ ಪಟ್ಟಿಯೊಳಗ (ಅವ್ರ ಹೆಸರಿನ್ಯಾಗ ಮೇಲ್ ಕಳಿಸಾಕ ಒಪ್ಪಿಗಿ ಇರೋ ಸರ್ವರ್ ಪಟ್ಟಿ) ಆ ಸರ್ವರ್ ಇರಂಗಿಲ್ಲ. ಡಿಕಿಮ್ ಅನ್ನೋ ಡಿಜಿಟಲ್ ಸಹಿನೂ ಇಲ್ಲ, ಎರಡೂ ತಪ್ಪಿದ್ರ ಏನ್ ಮಾಡಬೇಕು ಅನ್ನೋ ಅವ್ರ ಡಿಮಾರ್ಕ್ ನಿಯಮ 'ರಿಜೆಕ್ಟ್' ಐತಿ ಅಂದ್ರ ಮುಗೀತು, ಬಾಗಿಲಾಗಿಂದನ ವಾಪಸ್. ಸ್ಪ್ಯಾಮಿನ್ಯಾಗೂ ಸಿಗಂಗಿಲ್ಲ! ಒಂದು ಲಗ್ನಪತ್ರಿಕಿ ತಿದ್ದಿದ ಪಿಡಿಎಫ್ ಹಂಗ ಹೋತು. ಹಳೇ ಪ್ರೂಫ್ ಮ್ಯಾಲೆ ಛಾಪಿಸಿದ್ವಿ, ಮುಹೂರ್ತದ ವ್ಯಾಳ್ಯಾನ ತಪ್ಪು. 800 ಕಾರ್ಡ್, 300 ಜಿಎಸ್ಎಮ್ ಹಾಳಿ, ಬಂಗಾರ ಫಾಯಿಲ್, ಫಾಯಿಲ್ ಒತ್ತೋ ಹೊಸಾ ಬ್ಲಾಕಿಗೆ (ಅಚ್ಚಿಗೆ) 1,150, ಎಲ್ಲಾ ಕೂಡಿ 14,600 ಕೈಯಿಂದ ಹೋತು. ಈಗ ರೊಕ್ಕಾ ಕೊಟ್ಟು ಬಿಸಿನೆಸ್ ಮೇಲ್ ತಗೊಂಡು ಎಂಎಕ್ಸ್ (ಡೊಮೇನಿನ ಮೇಲ್ ಎಲ್ಲಿಗೆ ಬರಬೇಕಂತ ಹೇಳೋ ದಾಖಲಿ) ಅಲ್ಲಿಗೇ ತಿರುಗಿಸೇವಿ. ಆರಾಮ ಅದೇವಿ.

ನಿವೃತ್ತ ಆಡಿಟರ್, ಪುತ್ತೂರು:
ದುಡ್ಡು ಯಾಕೆ ಸುರಿಯುವುದು ಮಾರಾಯ್ರೇ? ನಾನು ಥಂಡರ್‌ಬರ್ಡ್ ಎಂಬ ಕಂಪ್ಯೂಟರಿನ ಮೇಲ್ ತಂತ್ರಾಂಶದಲ್ಲಿ ಎರಡೂ ಖಾತೆಗೆ ಐಮ್ಯಾಪ್ ಹಾಕಿ ಹಳೇ ಫೋಲ್ಡರುಗಳನ್ನು ಜಿಮೇಲಿಗೆ ಎಳೆದು ಹಾಕಿದೆ. ತಾಳ್ಮೆ ಬೇಕು, ಜಿಮೇಲ್ ಐಮ್ಯಾಪಿನಲ್ಲಿ ದಿನಕ್ಕೆ ಏರಿಸಲು 500 ಎಂಬಿ, ಇಳಿಸಲು 2,500 ಎಂಬಿ ಮಾತ್ರ. ನಡುವೆ ಜಿಮೇಲಿನ ಪುಕ್ಕಟೆ ಜಾಗ 15 ಜಿಬಿ ತುಂಬಿ ಹೋಯಿತು, ತಿಂಗಳಿಗೆ 130 ರೂಪಾಯಿ ಕೊಟ್ಟು 100 ಜಿಬಿ ತೆಗೆದುಕೊಂಡೆ. ಎಲ್ಲ ಕ್ಲೈಂಟುಗಳ ಸ್ಕ್ಯಾನಿನ ಕರ್ಮ, ಬ್ಯಾಂಕ್ ಪಾಸ್‌ಬುಕ್ಕಿನ ಖಾಲಿ ಪುಟವನ್ನೂ ಬಣ್ಣದಲ್ಲಿ ಕಳಿಸುತ್ತಾರೆ! ಇನ್ನು ಆ ಲಗ್ನಪತ್ರಿಕೆ: ಇಮೇಲಿನ ತಲೆ ಮೇಲೆ ಗೂಬೆ ಕೂರಿಸುವುದು ಬೇಡ. ಛಾಪಿಸುವ ಮೊದಲು ಪಾರ್ಟಿಗೆ ಒಂದು ಫೋನ್ ಮಾಡಬೇಕಿತ್ತು.

ಪ್ರೆಸ್ಸಿನಾಂವ, ಧಾರವಾಡ:
ಲಗ್ನದ ಸೀಜನ್ನಿನ್ಯಾಗ ಒಂದಿನ ನಮ್ಮ ಅಂಗಡ್ಯಾಗ ಬಂದು ಕುಂಡ್ರಿ ಸಾಹೇಬ್ರ, ಆಮ್ಯಾಲೆ ಫೋನಿನ ಮಾತು ಹೇಳ್ರಿ.

ಟರ್ಮಿನಲ್ ಪ್ರಿಯ, ಬೆಂಗಳೂರು:
ಮೌಸಲ್ಲಿ ಎಳೆಯುವಾಗ ಮಧ್ಯೆ ನೆಟ್ ಕೈಕೊಟ್ರೆ ಯಾವ್ದು ಹೋಯ್ತು, ಯಾವ್ದು ಉಳೀತು ಗೊತ್ತಾಗಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ಮೇಲ್ ನಕಲು ಮಾಡೋ ಐಮ್ಯಾಪ್‌ಸಿಂಕ್ ಅನ್ನೋ ಕಮಾಂಡ್ ಟೂಲ್ ಓಡಿಸಿ. ಮತ್ತೆ ಓಡಿಸಿದ್ರೆ ಬಂದಿರೋದನ್ನ ಬಿಟ್ಟು ಉಳಿದದ್ದನ್ನಷ್ಟೇ ತರುತ್ತೆ. ಜಿಮೇಲ್‌ಗೆ 16 ಅಕ್ಷರದ ಆಪ್ ಪಾಸ್‌ವರ್ಡ್ (ಇಂಥ ಟೂಲ್‌ಗೆ ಅಂತ ಗೂಗಲ್ ಕೊಡೋ ಬೇರೆ ಪಾಸ್‌ವರ್ಡ್) ಬೇಕು, ಅದು ಸಿಗೋಕೆ ಎರಡು ಹಂತದ ಪರಿಶೀಲನೆ ಆನ್ ಇರ್ಬೇಕು. ಔಟ್‌ಲುಕ್.ಕಾಮ್ ಖಾತೆಗಾದ್ರೆ ಬರೀ ಪಾಸ್‌ವರ್ಡ್ ಕಾಲ 2024ರ ಸೆಪ್ಟೆಂಬರ್ 16ಕ್ಕೇ ಮುಗೀತು, ಓಆತ್ (ಟೂಲ್‌ಗೆ ಪಾಸ್‌ವರ್ಡ್ ಕೊಡದೆ, ಲಾಗಿನ್ ಆಗಿ ಅನುಮತಿ ಕೊಡೋ ವಿಧಾನ) ಬೇಕು. ಜಿಮೇಲಿಂದ ಆಚೆ ತರೋರು 'ಆಲ್ ಮೇಲ್' (ಎಲ್ಲಾ ಮೇಲೂ ಇರೋ ಫೋಲ್ಡರ್) ಬಿಟ್ಟು ತನ್ನಿ. ಅಲ್ಲಿ ಲೇಬಲ್‌ಗಳೇ ಫೋಲ್ಡರ್ ಆಗಿ ಕಾಣೋದ್ರಿಂದ ಒಂದೇ ಮೇಲ್ ಎರಡೆರಡು ಸಲ ಬರುತ್ತೆ. ಇದು ಗೊತ್ತಿಲ್ದೆ ಥಂಡರ್‌ಬರ್ಡ್ ಅಂತ ಉಪದೇಶ ಬೇರೆ.

ನಿವೃತ್ತ ಆಡಿಟರ್, ಪುತ್ತೂರು:
'ಆಲ್ ಮೇಲ್' ಬಿಟ್ಟರೆ ಲೇಬಲ್ ಇಲ್ಲದೆ ಆರ್ಕೈವ್ ಮಾಡಿದ್ದು ಒಂದೂ ಬರುವುದಿಲ್ಲ. ಅದನ್ನು ಮೊದಲು ಹೇಳಿ. ಕಪ್ಪು ಪರದೆಯಲ್ಲಿ ಟೈಪ್ ಮಾಡಿದ ಕೂಡಲೇ ಪಂಡಿತರಾಗುವುದಿಲ್ಲ.

ಟರ್ಮಿನಲ್ ಪ್ರಿಯ, ಬೆಂಗಳೂರು:
ಆರ್ಕೈವ್ ಮಾಡೋರು ಲೇಬಲ್ ಹಾಕಿಟ್ಕೋಬೇಕು. ಅದು ಅವರ ಶಿಸ್ತು.

ಟೂರ್ ಏಜೆನ್ಸಿ, ಶಿವಮೊಗ್ಗ:
ಹಾಸನದವ್ರ ಸೆಂಟ್ (ಕಳಿಸಿದ ಮೇಲ್) ಪ್ರಶ್ನೆ ಯಾರೂ ಮುಟ್ಟೇ ಇಲ್ಲ. ಪಾಪ್ ಇನ್‌ಬಾಕ್ಸ್ ಬಿಟ್ಟು ಬೇರೇನೂ ತರಲ್ಲ, ಫೋನ್, ಕಂಪ್ಯೂಟರ್ ಎರಡೂ ಕಡೆ ಐಮ್ಯಾಪೇ ಬೇಕು, ಸೆಟ್ಟಿಂಗ್‌ನಲ್ಲಿ ಪೋರ್ಟ್ 993 ಹಾಕಿ. ನಮ್ಮಲ್ಲಿ ಸರ್ವರ್ 'ಸೆಂಟ್' ಅಂತ ಇಟ್ಕೊಂಡಿದ್ರೆ ಫೋನ್ ಆಪ್ ತಂದೇ ಒಂದು 'ಸೆಂಟ್ ಐಟಮ್ಸ್' ಮಾಡ್ಕೊಂಡಿತ್ತು. ಆಪ್ ಸೆಟ್ಟಿಂಗ್‌ನಲ್ಲಿ ಸೆಂಟ್ ಫೋಲ್ಡರ್ ಯಾವ್ದು ಅಂತ ತೋರಿಸಿದ್ಮೇಲೆ ಸರಿಹೋಯ್ತು. ಆದ್ರೆ ಐಮ್ಯಾಪ್ ಬ್ಯಾಕಪ್ ಅಲ್ಲ! ನಮ್ ಹುಡುಗ ಫೋನಲ್ಲಿ ಜಾಗ ಸಾಲ್ದು ಅಂತ ಡಿಲೀಟ್ ಒತ್ತಿದ, ಆಫೀಸಲ್ಲೂ ಮೇಲ್ ಹೋಯ್ತು. ಕಾಶಿ ಟೂರಿನ 46 ಜನರ ಟಿಕೆಟ್ ಅದರಲ್ಲೇ ಇದ್ವು, ಎಲ್ಲಾ ಮತ್ತೆ ತರಿಸ್ಕೊಂಡು ಪ್ರಿಂಟ್ ತೆಗೆಸಿದ್ವಿ. ಅದಿರ್ಲಿ, ಫಾಯಿಲ್ ಬ್ಲಾಕಿಗೆ 1,150ನಾ? ಇಲ್ಲಿ 700ಕ್ಕೆ ಮಾಡ್ಕೊಡ್ತಾರೆ.

ಪ್ರೆಸ್ಸಿನಾಂವ, ಧಾರವಾಡ:
700ರ ಬ್ಲಾಕಿನ್ಯಾಗ ಒತ್ತಕ್ಷರ ಎಲ್ಲಾ ಕಟ್ಟಿಕೊಂಡು ಕಪ್ಪು ಚುಕ್ಕಿ ಆಗ್ತಾವ. 'ಶ್ರೀ' ಒಂದ ಸರಿ ಎಬ್ಬಿಸಿ ತೋರಸ್ರಿ, ನಾನ ಬಂದು ನಿಮ್ಮ ಕಡೆ ಮಾಡಸ್ತೇನಿ.