ಗಾಮಾ ಸೀಫಿಯ ಗ್ರಹವನ್ನು ಜೊತೆ ನಕ್ಷತ್ರ ಏಕೆ ಕಿತ್ತುಕೊಂಡು ಹೋಗುವುದಿಲ್ಲ?

ಪ್ರಶ್ನೆ:
ಸೀಫಿಯಸ್ ನಕ್ಷತ್ರಪುಂಜದ ಗಾಮಾ ಸೀಫಿ ಸುಮಾರು 45 ಜ್ಯೋತಿರ್ವರ್ಷ ದೂರದಲ್ಲಿರುವ, ಬರಿಗಣ್ಣಿಗೆ ಕಾಣುವ ನಕ್ಷತ್ರ. ಸೂರ್ಯನ 0.4ರಷ್ಟು ದ್ರವ್ಯರಾಶಿಯುಳ್ಳ ಕೆಂಪು ಕುಬ್ಜವೊಂದು (ಸಣ್ಣ, ಮಂದ ನಕ್ಷತ್ರ) ಅದಕ್ಕೆ ಜೊತೆಯಾಗಿದ್ದು, ಸುಮಾರು 67 ವರ್ಷಗಳಿಗೊಮ್ಮೆ ದೀರ್ಘವೃತ್ತದಲ್ಲಿ ಸುತ್ತಿ ಬರುತ್ತದೆ. ಹೀಗಿದ್ದೂ ದೊಡ್ಡ ನಕ್ಷತ್ರದ ಸುತ್ತ ಗುರುವಿನಂಥ ಗ್ರಹವೊಂದಿದೆ. ಜೊತೆ ನಕ್ಷತ್ರ ಸಮೀಪಿಸಿದಾಗಲೆಲ್ಲ ಆ ಗ್ರಹದ ಕಕ್ಷೆ ಕೆಡಬೇಕಲ್ಲವೇ? ತಿಳಿದವರು ದಯವಿಟ್ಟು ಲೆಕ್ಕದೊಂದಿಗೆ ವಿವರಿಸಬೇಕು.

ಮೊದಲ ಉತ್ತರ:
ದೂರಗಳನ್ನು ಮೊದಲು ನೋಡೋಣ. ಭೂಮಿಗೂ ಸೂರ್ಯನಿಗೂ ಇರುವ ಅಂತರವನ್ನು ಒಂದು ಖಗೋಳಮಾನ ಎಂದುಕೊಂಡರೆ, ಗ್ರಹವು ತನ್ನ ನಕ್ಷತ್ರದಿಂದ ಸುಮಾರು 2 ಮಾನ ದೂರದಲ್ಲಿದ್ದು ಸುಮಾರು 900 ದಿನಗಳಲ್ಲಿ ಒಂದು ಸುತ್ತು ಹಾಕುತ್ತದೆ. ಜೊತೆ ನಕ್ಷತ್ರದ ಸರಾಸರಿ ದೂರ 20 ಮಾನ. ಅತಿ ಸಮೀಪ ಬಂದಾಗಲೂ ಅದು 12 ಮಾನದಷ್ಟು ಆಚೆಗೇ ಇರುತ್ತದೆ.

ಇಲ್ಲಿ ಅನೇಕರು ತಪ್ಪುವ ಅಂಶ ಒಂದಿದೆ. ಜೊತೆ ನಕ್ಷತ್ರವು ಗ್ರಹವನ್ನು ಮಾತ್ರ ಎಳೆಯುವುದಿಲ್ಲ, ಗ್ರಹದ ಒಡೆಯನಾದ ನಕ್ಷತ್ರವನ್ನೂ ಅದೇ ಕಡೆಗೆ ಎಳೆಯುತ್ತದೆ. ಕಕ್ಷೆಯನ್ನು ಕದಡುವುದು ಆ ಎರಡು ಎಳೆತಗಳ ನಡುವಿನ ವ್ಯತ್ಯಾಸ ಮಾತ್ರ. ದೊಡ್ಡ ನಕ್ಷತ್ರದ ದ್ರವ್ಯರಾಶಿ ಸೂರ್ಯನ 1.4 ಪಟ್ಟು ಎಂದಿಟ್ಟುಕೊಂಡು ಅತಿ ಸಮೀಪದ ಸ್ಥಿತಿಗೆ ಲೆಕ್ಕ ಹಾಕಿದರೆ, ಈ ವ್ಯತ್ಯಾಸವು ದೊಡ್ಡ ನಕ್ಷತ್ರದ ಹಿಡಿತದ ಸುಮಾರು 300ರಲ್ಲಿ ಒಂದು ಪಾಲು. ನಮ್ಮ ಚಂದ್ರನ ಮೇಲೆ ಭೂಮಿಗಿಂತ ಸೂರ್ಯನ ಸೆಳೆತವೇ ಎರಡು ಪಟ್ಟಿಗೂ ಹೆಚ್ಚು. ಆದರೂ ಚಂದ್ರ ನಮ್ಮನ್ನು ಬಿಟ್ಟು ಹೋಗದಿರುವುದಕ್ಕೆ ಕಾರಣ ಇದೇ. ಹೋಲ್ಮನ್ ಮತ್ತು ವೀಗರ್ಟ್ 1999ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಈ ಜೋಡಿಯಲ್ಲಿ ಕಕ್ಷೆ ಭದ್ರವಾಗಿರಬಲ್ಲ ಗಡಿ ಸುಮಾರು 4 ಮಾನ. ಗ್ರಹ ಅದರ ಅರ್ಧದಲ್ಲಿದೆ.

ಪ್ರಶ್ನೆ ಕೇಳಿದವರು:
ಚಂದ್ರನ ಉದಾಹರಣೆಯಿಂದ ವಿಷಯ ಸ್ಪಷ್ಟವಾಯಿತು, ಧನ್ಯವಾದಗಳು. ಆದರೆ ಈ ಗ್ರಹದ ಶೋಧವನ್ನು ಒಮ್ಮೆ ಕೈಬಿಡಲಾಗಿತ್ತು ಎಂದು ಓದಿದ್ದೇನೆ. ಅದು ನಿಜವೇ?

ಎರಡನೆಯ ಉತ್ತರ:
ನಿಜ. ಕ್ಯಾಂಪ್‌ಬೆಲ್, ವಾಕರ್ ಮತ್ತು ಯಾಂಗ್ 1988ರಲ್ಲಿ ಈ ಸುಳಿವನ್ನು ಪ್ರಕಟಿಸಿದರು. ಗ್ರಹದ ಎಳೆತಕ್ಕೆ ನಕ್ಷತ್ರ ತೂಗಾಡುವ ವೇಗ ಸೆಕೆಂಡಿಗೆ ಸುಮಾರು 27 ಮೀಟರ್ ಮಾತ್ರ, ಅಂದರೆ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ರೋಹಿತದ ರೇಖೆಗಳು ತಮ್ಮ ತರಂಗಾಂತರದ ಕೋಟಿಯಲ್ಲಿ ಒಂದು ಪಾಲಿನಷ್ಟು ಸರಿಯುತ್ತವೆ. ಅದನ್ನು ಅಳೆಯಲು ಅವರು ನಕ್ಷತ್ರದ ಬೆಳಕನ್ನು ಹೈಡ್ರೋಜನ್ ಫ್ಲೋರೈಡ್ ತುಂಬಿದ ಕೊಳವೆಯೊಳಗಿಂದ ಹಾಯಿಸಿ, ಆ ಅನಿಲದ ರೇಖೆಗಳನ್ನೇ ಅಳತೆಪಟ್ಟಿಯಾಗಿ ಬಳಸಿದರು. ಅದು ಅತ್ಯಂತ ವಿಷಕಾರಿ ಅನಿಲ. ದೂರದರ್ಶಕದ ಬಳಿ ಅದನ್ನಿಟ್ಟುಕೊಂಡು ವರ್ಷಗಟ್ಟಲೆ ದುಡಿದವರ ತಾಳ್ಮೆಗೆ ನನ್ನ ಗೌರವ ಸಲ್ಲುತ್ತದೆ. 1992ರಲ್ಲಿ, ನಕ್ಷತ್ರ ತನ್ನ ಅಕ್ಷದ ಸುತ್ತ ತಿರುಗುವುದೇ ವೇಗದಲ್ಲಿ ಇಂಥ ಏರಿಳಿತವನ್ನು ತೋರಿಸುತ್ತಿರಬಹುದು ಎಂದು ಅವರ ತಂಡವೇ ಸಂಶಯಪಟ್ಟಿತು. ಹ್ಯಾಟ್ಜೆಸ್, ಕಾಕ್ರನ್ ಮತ್ತು ಸಂಗಡಿಗರು 2003ರಲ್ಲಿ ಸುಮಾರು ಇಪ್ಪತ್ತು ವರ್ಷಗಳ ಅಳತೆಗಳನ್ನು ಒಟ್ಟುಗೂಡಿಸಿ, ಏರಿಳಿತ ಅಷ್ಟೂ ಕಾಲ ಲಯ ತಪ್ಪಿಲ್ಲವೆಂದೂ ನಕ್ಷತ್ರದ ಮೇಲ್ಮೈ ಚಟುವಟಿಕೆಯಲ್ಲಿ ಆ ಲಯ ಕಾಣುವುದಿಲ್ಲವೆಂದೂ ತೋರಿಸಿದರು. ಸಂಶಯಪಟ್ಟದ್ದು ತಪ್ಪೆಂದು ನಾನು ಭಾವಿಸುವುದಿಲ್ಲ. ಆಗ ಕೈಯಲ್ಲಿದ್ದ ಮಾಹಿತಿಗೆ ಅದೇ ಪ್ರಾಮಾಣಿಕ ನಿಲುವಾಗಿತ್ತು.

ಮೂರನೆಯ ಉತ್ತರ:
ಈ ಗ್ರಹ ಉಳಿದುಕೊಂಡದ್ದಕ್ಕಿಂತ ಅದು ಹುಟ್ಟಿದ್ದೇ ಹೆಚ್ಚಿನ ಒಗಟು. ಜೊತೆ ನಕ್ಷತ್ರದ ಸೆಳೆತವು ಗ್ರಹ ರೂಪುಗೊಳ್ಳುವ ಅನಿಲ ಮತ್ತು ಧೂಳಿನ ತಟ್ಟೆಯನ್ನು ಸುಮಾರು 4ರಿಂದ 5 ಮಾನಕ್ಕೇ ಕತ್ತರಿಸಿಬಿಡುತ್ತದೆ; ಒಳಗಿನ ಕಲ್ಲುಂಡೆಗಳ ವೇಗವನ್ನೂ ಹೆಚ್ಚಿಸುವುದರಿಂದ ಅವು ಡಿಕ್ಕಿ ಹೊಡೆದಾಗ ಅಂಟಿಕೊಳ್ಳುವ ಬದಲು ಪುಡಿಯಾಗುವ ಸಂಭವವೇ ಹೆಚ್ಚು. ಆದ್ದರಿಂದ ಗ್ರಹ ಹುಟ್ಟುವಾಗ ಈ ಜೋಡಿ ಇನ್ನೂ ದೂರದೂರವಿದ್ದು, ಹುಟ್ಟಿದ ಗುಂಪಿನ ಬೇರೊಂದು ನಕ್ಷತ್ರ ಹತ್ತಿರದಿಂದ ಹಾದುಹೋದ ಮೇಲೆ ಈಗಿನ ಕಕ್ಷೆಗೆ ಬಂದಿರಬಹುದು ಎಂಬ ವಾದವನ್ನು ಕೆಲವು ಸಂಶೋಧಕರು ಮುಂದಿಟ್ಟಿದ್ದಾರೆ.